ಒಂದೇ ಕಪ್ಪಿನ ಮಷಿನ್

ಮಾರ್ಚ್ 3, ಮಂಗಳವಾರ

ಬೆಳಿಗ್ಗೆ ಕೈ ಸುಟ್ಟುಕೊಂಡೆ. ತಪ್ಪು ನನ್ನದಲ್ಲ, ಪಾತ್ರೆಯದು.

ನಮ್ಮ ಕಾಫಿ ಪಾತ್ರೆ ಎರಡು ತುಂಡಿನದು. ಕೆಳಗೆ ನೀರು, ನಡುವೆ ಪುಡಿ. ಮೇಲಿನ ತುಂಡನ್ನು ತಿರುಗಿಸಿ ಬಿಗಿ ಮಾಡಿ ಒಲೆಯ ಮೇಲಿಟ್ಟರೆ ಗೊರಗೊರ ಎಂದು ಕಾಫಿ ಮೇಲಕ್ಕೆ ಬರುತ್ತದೆ. ಬಿಗಿ ಸಾಲದಿದ್ದರೆ ನಡುವಿನಿಂದ ಹಬೆ ನುಗ್ಗುತ್ತದೆ. ಇವತ್ತು ಅದು ನುಗ್ಗಿದ್ದು ನನ್ನ ಮಣಿಕಟ್ಟಿನ ಮೇಲೆ.

ದಿನಾ ಮಲಗುವ ಮುಂಚೆ ನೀರು, ಪುಡಿ ಹಾಕಿ ಪಾತ್ರೆ ಬಿಗಿ ಮಾಡಿಡುವುದು ಸೊಸೆಯ ಕೆಲಸ. ಬೆಳಿಗ್ಗೆ ನಾನು ಒಲೆ ಹಚ್ಚಿದರೆ ಸಾಕು. ನಿನ್ನೆ ಅವಳು ಲ್ಯಾಬಿನಿಂದ ಬಂದವಳು ಕೂತಲ್ಲೇ ತೂಕಡಿಸುತ್ತಿದ್ದಳು, ಪಾಪ ಅನ್ನಿಸಿ ನಾನೇ ಬಿಗಿ ಮಾಡಿದೆ. ನನ್ನ ಹೆಬ್ಬೆರಳು ನಲವತ್ತು ವರ್ಷ ಕತ್ತರಿ ಹಿಡಿದಿದೆ. ದಪ್ಪ ಕೋಟಿನ ಬಟ್ಟೆ ಕತ್ತರಿಸು ಅಂದರೆ ಇವತ್ತಿಗೂ ತಕರಾರಿಲ್ಲ. ಏನನ್ನಾದರೂ ತಿರುಗಿಸು ಅಂದರೆ ಮಾತ್ರ ಮುಷ್ಕರ ಹೂಡುತ್ತದೆ.

ಸೊಸೆ ಮುಲಾಮು ಹಚ್ಚಿದಳು. ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು, ಕೈ ಬಹಳ ನಾಜೂಕು. ಹಚ್ಚುತ್ತ ಹಚ್ಚುತ್ತ ತಲೆ ಎತ್ತದೆ, "ಅತ್ತೆ, ಈಗ ಒಂದೊಂದೇ ಕಪ್ ಮಾಡೋ ಕಾಫಿ ಮಷಿನ್ ಬರುತ್ತಲ್ಲ, ಗುಂಡಿ ಒತ್ತಿದ್ರೆ ಆಯ್ತು. ಒಂದು ತಗೊಳ್ಳೋಣ್ವಾ?" ಎಂದಳು.

"ಇರೋರು ಇಬ್ಬರು. ಒಂದು ಕಪ್ಪಿನ ಮಷಿನ್ ಯಾರಿಗೆ?" ಎಂದೆ.

ಅವಳು ಮುಲಾಮಿಗೆ ಮುಚ್ಚಳ ಹಾಕಿ ಎದ್ದು ಹೋದಳು.

ಮಾರ್ಚ್ 4, ಬುಧವಾರ

ಒಂದು ಕಪ್ಪಿನ ಮಷಿನ್ ಅಂದರೇನು ಅಂತ ನನಗೆ ಗೊತ್ತಾಗದೆ ಏನು? ಮೊದಲು ಕಪ್ ಬೇರೆ. ಆಮೇಲೆ ಒಲೆ ಬೇರೆ. ಆಮೇಲೆ ಮನೆ ಬೇರೆ. ಬಟ್ಟೆ ಹರಿಯುವುದು ಯಾವತ್ತೂ ನಡುಮಧ್ಯದಿಂದ ಶುರುವಾಗುವುದಿಲ್ಲ, ಅಂಚಿನಲ್ಲಿ ಒಂದು ದಾರ ಎದ್ದಿರುತ್ತದೆ.

ಅವಳು ಹೋಗಲಿ ಅಂತ ಹೇಳುವ ದೊಡ್ಡ ಮನಸ್ಸು ನನಗೆ ಇರಬೇಕು, ಗೊತ್ತು. ಮಗ ಹೋಗಿ ಎರಡು ವರ್ಷ. ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಓಡುವುದು ಕಲಿಸುತ್ತ ಕುಸಿದವನು ಮತ್ತೆ ಏಳಲಿಲ್ಲ. ಎದೆ ಅಂದರು. ಅವಳಿಗಿನ್ನೂ ಮೂವತ್ತನಾಲ್ಕು. ನಾನು ಹೇಳಬೇಕಾದ್ದೇನು ಅಂತ ಚೆನ್ನಾಗಿ ಗೊತ್ತು. ಗೊತ್ತಿದ್ದರೆ ಆಯಿತೇ, ಬಾಯಿಗೆ ಬರಬೇಡವೇ?

ಪಾತ್ರೆ ಮೂರು ಕಪ್ಪಿನದು. ಅದರಲ್ಲಿ ಕಡಿಮೆ ಮಾಡಲು ಬರುವುದಿಲ್ಲ, ಕೆಳಗೆ ನೀರು ಅಷ್ಟಿರಲೇಬೇಕು, ಪುಡಿ ತುಂಬಿರಲೇಬೇಕು, ಇಲ್ಲದಿದ್ದರೆ ಕಾಫಿ ಕೆಡುತ್ತದೆ. ಹಾಗಾಗಿ ದಿನಾ ಮೂರನೆಯ ಕಪ್ ಉಳಿಯುತ್ತದೆ. ಅದನ್ನು ಮಗನ ಕಪ್ಪಿಗೆ ಬಗ್ಗಿಸಿ ತಟ್ಟೆ ಮುಚ್ಚಿಡುತ್ತೇನೆ, ಅವನು ತಡವಾಗಿ ಏಳುವಾಗ ಮುಚ್ಚಿಡುತ್ತಿದ್ದ ಹಾಗೆ. ಅದನ್ನು ನೋಡುತ್ತ ಕೂತರೆ ನನ್ನ ಕಪ್ಪೂ ಆರುತ್ತದೆ. ಮಧ್ಯಾಹ್ನದ ಹೊತ್ತಿಗೆ ಎರಡನ್ನೂ ಕುಡಿಯುತ್ತೇನೆ. ಚೆಲ್ಲಲು ಮನಸ್ಸು ಬರುವುದಿಲ್ಲ. ಅಲ್ಲದೆ ನನಗೆ ತಣ್ಣಗಿನ ಕಾಫಿಯೇ ಇಷ್ಟ.

ಮಾರ್ಚ್ 8, ಭಾನುವಾರ

ಅಂಗಡಿಗೆ ಹೋಗಿದ್ದೆವು. ಒಂದು ಗೋಡೆಯ ತುಂಬ ಮಷಿನ್‌ಗಳು. ಅಂಗಡಿಯವಳು ಚುರುಕು, ಬಾಯಿ ತೆರೆದರೆ ಮುಚ್ಚುವುದಿಲ್ಲ, ಆದರೆ ಅವಳ ಯೂನಿಫಾರ್ಮಿನ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದ. ಅದು ಕಣ್ಣಿಗೆ ಬಿದ್ದಮೇಲೆ ಅವಳು ಹೇಳಿದ್ದು ಅರ್ಧ ನನ್ನ ತಲೆಗೆ ಹೋಗಲಿಲ್ಲ.

ಮೊದಲು ತೋರಿಸಿದ್ದು ಕ್ಯಾಪ್ಸೂಲಿನದು. ನಿಂಬೆಹಣ್ಣಿನಷ್ಟು ಡಬ್ಬಿಯಲ್ಲಿ ಒಂದು ಕಪ್ಪಿಗಾಗುವ ಪುಡಿ ತುಂಬಿ ಸೀಲ್ ಮಾಡಿರುತ್ತಾರೆ. ಮಷಿನ್ನಿನ ಬಾಯಿಗೆ ಹಾಕಿ ಗುಂಡಿ ಒತ್ತಬೇಕು, ಆಮೇಲೆ ಡಬ್ಬಿ ಎಸೆಯಬೇಕು.

"ಇದು ಕಾಫಿನೋ ಮಾತ್ರೆನೋ? ಊಟಕ್ಕೆ ಮುಂಚೆನೋ, ಆಮೇಲೋ?" ಎಂದು ಕೇಳಿದೆ.

ಅಂಗಡಿಯವಳು ಬಿದ್ದು ಬಿದ್ದು ನಕ್ಕಳು. ಸೊಸೆ ನಗಲಿಲ್ಲ.

ಎರಡನೆಯದರಲ್ಲಿ ನಮ್ಮದೇ ಪುಡಿ ಹಾಕಬಹುದು. ಒಳಗೊಂದು ಪುಟ್ಟ ಜಾಲರಿ ಬುಟ್ಟಿ, ಒಂದು ಚಮಚ ಪುಡಿ, ಹಿಂದೆ ನೀರಿನ ಟ್ಯಾಂಕ್. ಸದ್ದು ಜಾಸ್ತಿ ಎಂದೆ. ಮೂರನೆಯದರ ಬಣ್ಣ ಸರಿಯಿಲ್ಲ ಎಂದೆ. ಈ ವಿಷಯದಲ್ಲಿ ಸೊಸೆಯೂ ನನ್ನ ಕಡೆಯೇ. ಬಿಳಿ ಬಣ್ಣದ ಯಾವ ವಸ್ತು ಕಂಡರೂ ಅವಳಿಗೆ ಹಲ್ಲೇ. "ಇದು ಸಿಗರೇಟ್ ಸೇದೋರ ಶೇಡು ಅತ್ತೆ, ಮನೇಲಿಟ್ರೆ ದಿನಾ ಉಜ್ಜಬೇಕು ಅನ್ಸುತ್ತೆ" ಎಂದಳು. ಆಗ ಇಬ್ಬರೂ ನಕ್ಕೆವು. ಹೀಗೆ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತೋ.

ಒಂದು ವಿಚಿತ್ರ ನೋಡಿದೆ. ಪ್ರತಿ ಮಷಿನ್ನಿನ ಮುಚ್ಚಳವನ್ನೂ ಸೊಸೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಟ್ಟುಕೊಂಡು, ಉಳಿದ ಬೆರಳಿನಿಂದ ಮಾತ್ರ ತೆರೆದು ಮುಚ್ಚುತ್ತಿದ್ದಳು. ನೀರಿನ ಟ್ಯಾಂಕನ್ನೂ ಹಾಗೇ ಎತ್ತಿದಳು. ಅಂಗಡಿಯವಳು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿದ್ದಳು. ಲ್ಯಾಬಿನವರಿಗೆ ಏನೇನೋ ಚಾಳಿ ಇರುತ್ತವೆ.

ಮಾರ್ಚ್ 9, ಸೋಮವಾರ

ಆಯ್ಕೆ ಆಗಲಿಲ್ಲ. ಒಳ್ಳೆಯದೇ ಆಯಿತು. ಮಷಿನ್ ಬರುವವರೆಗೆ ಯಾರೂ ಎಲ್ಲಿಗೂ ಹೋಗುವುದಿಲ್ಲ.

ಮಾರ್ಚ್ 15, ಭಾನುವಾರ

ಇನ್ನೊಂದು ಅಂಗಡಿ. ಇಲ್ಲಿ ಕಾಫಿ ಮಾಡಿಯೇ ಕೊಟ್ಟರು. ಒಂದು ಕಹಿ ಎಂದೆ, ಇನ್ನೊಂದು ನೀರು ಎಂದೆ. ಮೂರನೆಯದು ಚೆನ್ನಾಗಿತ್ತು, ಆದ್ದರಿಂದ ಅದರ ವೈರು ಗಿಡ್ಡ ಎಂದೆ. ಮಗ ಸಣ್ಣವನಿದ್ದಾಗ ಶಾಲೆಗೆ ಹೋಗುವುದಿಲ್ಲ ಅನ್ನಲು ಹೀಗೇ ಮಾಡುತ್ತಿದ್ದ. ಹೊಟ್ಟೆ ನೋವು, ಆಮೇಲೆ ಕಾಲು ನೋವು, ಕೊನೆಗೆ ಕೂದಲು ನೋವು.

ಬಸ್ಸಿನಲ್ಲಿ ಸೊಸೆ ಕಿಟಕಿ ನೋಡುತ್ತ ಕೂತಿದ್ದಳು. ಇಳಿಯುವ ಮುಂಚೆ ಕೇಳಿದಳು: "ಅತ್ತೆ, ನಿಮಗೆ ಮಷಿನ್ ಬೇಡ್ವೋ, ನಾನು ಹೇಳಿದ್ದು ಅಂತ ಬೇಡ್ವೋ?"

"ಆತುರ ಏನಿದೆ?" ಎಂದೆ.

"ಇದೆ" ಎಂದಳು. ಅಷ್ಟರಲ್ಲಿ ನಮ್ಮ ಸ್ಟಾಪ್ ಬಂತು.

ಮಾರ್ಚ್ 19, ಗುರುವಾರ

ಇದನ್ನು ಸಾವಕಾಶವಾಗಿ ಬರೆಯಬೇಕು.

ಮಧ್ಯಾಹ್ನ ಸೊಸೆಯ ಲ್ಯಾಬಿನ ಯಜಮಾನರು ಬಂದರು. ಅವರ ಪ್ಯಾಂಟುಗಳನ್ನು ಸಡಿಲ ಮಾಡಿಕೊಡುವುದು ನಾನೇ. ಪ್ರತಿ ಸಲ ಬಂದಾಗಲೂ ಬಟ್ಟೆ ಒಗೆದು ಕುಗ್ಗಿದೆ ಅನ್ನುತ್ತಾರೆ, ನಾನೂ ಹೌದು ಹೌದು ಅನ್ನುತ್ತೇನೆ. ಕನ್ನಡಿ ಮುಂದೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಕಾಲಿನ ಅಂಚಿಗೆ ಸೂಜಿ ಹಾಕುತ್ತಿದ್ದೆ.

"ಟೈಲರಮ್ಮ, ನೀವಾದ್ರೂ ನಿಮ್ಮ ಸೊಸೆಗೆ ಸ್ವಲ್ಪ ಹೇಳಿ" ಎಂದರು. ಬಾಯಲ್ಲಿ ಸೂಜಿ ಇದ್ದದ್ದರಿಂದ ನಾನು ಹೂಂ ಎಂದೆ ಅಷ್ಟೆ.

"ಹೊಸ ಲ್ಯಾಬ್ ತೆರೀತಿದ್ದೀನಿ. ರೈಲಲ್ಲಿ ಅರ್ಧ ದಿನದ ದಾರಿ. ಅದನ್ನ ಪೂರ್ತಿ ಅವಳ ಕೈಗೇ ಕೊಡ್ತೀನಿ ಅಂದೆ. ಅವಳು ಹೇಳಿದ ಹಾಗೆ ಲ್ಯಾಬು, ಅವಳು ಆರಿಸಿದ ಜನ. ಬೇರೆ ಯಾರೇ ಆಗಿದ್ರೂ ಓಡಿ ಬರೋರು. ಇವಳು ಮಾತ್ರ ಜನವರಿಯಿಂದ ನೋಡೋಣ, ನೋಡೋಣ ಅಂತಾಳೆ. ಯಾಕಮ್ಮ ಅಂದ್ರೆ, ನಗ್ತಾ, 'ನಮ್ಮತ್ತೆ ಕಾಫಿ ಪಾತ್ರೆ ಬಿಗಿ ಮಾಡೋರು ಯಾರು ಸರ್' ಅಂತಾಳೆ. ಇದೊಂದು ಕಾರಣಾನಾ ನೀವೇ ಹೇಳಿ!"

ಅವರು ನಕ್ಕರು. ಮರುಕ್ಷಣ "ಅಯ್ಯಪ್ಪಾ!" ಎಂದು ಕಿರುಚಿದರು. ಸೂಜಿ ಅಂಚಿಗೆ ಹೋಗುವ ಬದಲು ಅವರ ಕಾಲಿಗೆ ಹೋಗಿತ್ತು. ನಲವತ್ತು ವರ್ಷದಲ್ಲಿ ಗಿರಾಕಿಯೊಬ್ಬರ ರಕ್ತ ನೋಡಿದ್ದು ಇದೇ ಮೊದಲು.

ಅವರು ಹೋದಮೇಲೆ ಅಡುಗೆಮನೆಗೆ ಹೋದೆ. ಬಲಗೈ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು ಡಬ್ಬಿಯ ಮುಚ್ಚಳ ತೆರೆದು ನೋಡಿದೆ. ಸ್ಟೀಲು ಲೋಟ ಎತ್ತಿ ನೋಡಿದೆ. ಅವಳು ಅಂಗಡಿಯಲ್ಲಿ ಮಾಡುತ್ತಿದ್ದದ್ದು ಚಾಳಿಯಲ್ಲ. ನನ್ನ ಕೈಯನ್ನು ತೊಟ್ಟುಕೊಂಡು ನೋಡುತ್ತಿದ್ದಳು.

ನನಗೆ ಒಂದು ಕಪ್ಪಿನ ವ್ಯವಸ್ಥೆ ಆಗದೆ ಅವಳು ಮನೆ ಬಿಡುವುದಿಲ್ಲ. ನಾನು ಬೇಡ ಬೇಡ ಅಂದಷ್ಟು ದಿನ ಅವಳು ಇಲ್ಲೇ ಇರುತ್ತಾಳೆ. ಇದಕ್ಕಿಂತ ಸುಲಭ ಇನ್ನೇನು? ವೈರು ಗಿಡ್ಡ, ಬಣ್ಣ ಸರಿಯಿಲ್ಲ, ಸದ್ದು ಜಾಸ್ತಿ. ಈ ಮೂರು ಮಾತಿನಲ್ಲೇ ವರ್ಷಗಟ್ಟಲೆ ತಳ್ಳಬಹುದು.

ಮಾರ್ಚ್ 20, ಶುಕ್ರವಾರ

ಒಂದು ಕಾಜವನ್ನೂ ಹೊಲಿಯಲಿಲ್ಲ. ಒಬ್ಬಳು ಹೆಂಗಸು ಬದುಕನ್ನೆಲ್ಲ ಹಿಡಿದು ನಿಲ್ಲಿಸಿಕೊಳ್ಳುವಷ್ಟು ದೊಡ್ಡದೇ ನನ್ನ ಹೆಬ್ಬೆರಳು? ಅವಳ ಮೇಲೆ ಕೋಪ ಬಂತು. ಆಮೇಲೆ ಯಜಮಾನರ ಮೇಲೆ. ಆಮೇಲೆ ಹೆಬ್ಬೆರಳ ಮೇಲೆ.

ಮಾರ್ಚ್ 21, ಶನಿವಾರ

ತಂದುಬಿಟ್ಟೆ.

ಬೆಳಿಗ್ಗೆ ಅವಳು ಲ್ಯಾಬಿಗೆ ಹೋದ ಕೂಡಲೇ ಟೇಪು ಹಿಡಿದು ಅಡುಗೆ ಕಟ್ಟೆ ಅಳೆದೆ. ಮೇಲೊಂದು ಸಾಮಾನಿನ ಹಲಗೆ ಇದೆ, ಅದರ ಕೆಳಗೆ ಎಷ್ಟು ಎತ್ತರ, ಎಷ್ಟು ಅಗಲ ಎಲ್ಲ ಅಂಗೈ ಮೇಲೆ ಬರೆದುಕೊಂಡೆ. ಮೊದಲ ಅಂಗಡಿಯಲ್ಲಿ ನಮ್ಮದೇ ಪುಡಿ ಹಾಕುವ ಆ ಎರಡನೆಯ ಮಷಿನ್ನಿಗೂ ಟೇಪು ಹಿಡಿದೆ. ಮುಂದೆ, ಹಿಂದೆ, ಸುತ್ತ. ಅಂಗಡಿಯವಳು "ಇದಕ್ಕೂ ಅಂಗಿ ಹೊಲೀತೀರಾ ಆಂಟಿ?" ಎಂದಳು. "ಮೊದಲು ನಿನ್ನ ಎಡತೋಳು ಕೊಡು" ಎಂದು ಅಲ್ಲೇ ನಿಲ್ಲಿಸಿ ಮಡಚಿ ಎರಡು ಹೊಲಿಗೆ ಹಾಕಿದೆ. ಸೂಜಿದಾರ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಅವಳ ಮ್ಯಾನೇಜರು ದೂರದಿಂದ ಕಣ್ಣು ಕಣ್ಣು ಬಿಡುತ್ತಿದ್ದ.

ಮೇಲಿನ ಮನೆಯ ಡ್ರೈವರು ಪೆಟ್ಟಿಗೆ ಹೊತ್ತು ತಂದುಕೊಟ್ಟರು. ರಿಟೈರಾಗಿ ಎಷ್ಟೋ ವರ್ಷವಾದರೂ ಮೆಟ್ಟಿಲು ತಿರುಗುವಾಗ ಇವತ್ತಿಗೂ ಬಾಯಲ್ಲಿ ಹಾರ್ನ್ ಹೊಡೆಯುತ್ತಾರೆ.

ಮಷಿನ್ ಹಲಗೆಯ ಕೆಳಗೆ ನೀಟಾಗಿ ಕೂತಿತು. ಮೇಲೆ ಒಂದು ಬೆರಳು ಜಾಗ. ನನ್ನ ಅಳತೆ ಅಂದರೆ ಅಳತೆ ಎಂದು ಡ್ರೈವರಿಗೆ ಹೇಳಿ, ಪುಡಿ ಹಾಕೋಣವೆಂದು ಮುಚ್ಚಳ ಎತ್ತಿದೆ. ಠಣ್ ಎಂದು ಹಲಗೆಗೆ ಬಡಿಯಿತು. ಮುಚ್ಚಳ ಮೇಲಕ್ಕೆ ತೆರೆಯುವುದು! ಬೆರಳು ತೂರುವಷ್ಟೂ ತೆರೆಯಲಿಲ್ಲ.

ಅಂಗಿಗೆ ಅಳತೆ ತೆಗೆಯುವಾಗ ಕೈ ಎತ್ತಿಸಿ ನೋಡದೆ ಬಟ್ಟೆಗೆ ಕತ್ತರಿ ಹಾಕಿದವಳಲ್ಲ ನಾನು. ಕೈ ಇಳಿಬಿಟ್ಟು ಅಳತೆ ಕೊಟ್ಟರೆ ಮೊದಲ ದಿನವೇ ಕಂಕುಳಲ್ಲಿ ಹರಿಯುತ್ತದೆ ಎಂದು ಕಲಿಯಲು ಬಂದವರಿಗೆಲ್ಲ ಬೈದು ಹೇಳಿದ್ದೇನೆ. ಮಷಿನ್ನಿಗೆ ಮಾತ್ರ ಕೈ ಇಳಿಬಿಟ್ಟೇ ಅಳತೆ ತೆಗೆದುಕೊಂಡು ಬಂದಿದ್ದೆ. ಡ್ರೈವರು ಎರಡು ನಿಮಿಷ ಗೋಡೆ ಕಡೆ ತಿರುಗಿ ನಿಂತರು. ಭುಜ ಕುಣಿಯುತ್ತಿದ್ದವು.

ಮುಂದಕ್ಕೆಳೆದರೆ ಕಟ್ಟೆಯ ಅಂಚಿಗೆ ಬರುತ್ತದೆ, ಕೈ ತಗುಲಿದರೆ ಕಾಲ ಮೇಲೆ. ಮನೆಯಲ್ಲಿ ಇನ್ನು ಪ್ಲಗ್ ಹಾಕುವ ಜಾಗ ಇರುವುದು ಕಿಟಕಿ ಪಕ್ಕದ ಪುಟ್ಟ ಮೇಜಿನ ಹತ್ತಿರ ಒಂದೇ. ಅಲ್ಲಿ ಮಗನ ರೇಡಿಯೋ ಇದೆ. ದಿನಾ ಅವನು ಕೇಳುತ್ತಿದ್ದ ಹೊತ್ತಿಗೆ ನಾನು ಅದನ್ನು ಹಾಕುತ್ತೇನೆ, ಮುಗಿದಮೇಲೆ ಆರಿಸುತ್ತೇನೆ. ಪ್ಲಗ್ ಎರಡು ವರ್ಷದಿಂದ ತೆಗೆದಿಲ್ಲ.

"ಅಲ್ಲಿ ಬೇಡ ಬಿಡಿ ಟೈಲರಮ್ಮ, ಹಲಗೆನೇ ಒಂದು ಗೇಣು ಮೇಲೆ ಹೊಡೆಸೋಣ. ನಾನು ಬಡಗಿಗೆ ಹೇಳ್ತೀನಿ" ಎಂದರು ಡ್ರೈವರು, ಈ ಸಲ ನಗದೆ.

ಬಡಗಿ ಬರುವುದು ಯಾವ ಕಾಲಕ್ಕೋ. ರೇಡಿಯೋ ಎತ್ತಿ, ಸೆಲ್ ಹಾಕಿ, ಹೊಲಿಗೆ ಮಷಿನ್ನಿನ ಪಕ್ಕ ಇಟ್ಟೆ. ಕೆಳಗೆ ಬಹಳ ಧೂಳಿತ್ತು, ಒರೆಸಿದೆ.

ಮಾರ್ಚ್ 22, ಭಾನುವಾರ

ನಿನ್ನೆ ಸಂಜೆ ನಡೆದದ್ದು. ನಿನ್ನೆಯೇ ಬರೆಯಲು ಆಗಲಿಲ್ಲ.

ಅವಳು ಬಾಗಿಲು ದಾಟಿದ ಕೂಡಲೇ ಮಷಿನ್ ನೋಡಿದಳು. ಮುಖ ಅರಳಿತು. ಮುಚ್ಚಳ ತೆರೆದು ಮುಚ್ಚಿ, "ಇದೇ ಅತ್ತೆ, ನಾನು ಮನಸ್ಸಲ್ಲಿ ಅಂದ್ಕೊಂಡಿದ್ದೂ ಇದೇ!" ಎಂದಳು. ಆಮೇಲೆ ಅದು ಎಲ್ಲಿ ಕೂತಿದೆ ಎನ್ನುವುದು ಅವಳಿಗೆ ಹೊಳೆಯಿತು.

"ರೇಡಿಯೋ?"

"ಹೊಲಿಗೆ ಮಷಿನ್ ಹತ್ತಿರ ಇದೆ. ಅದಿರಲಿ, ಇನ್ನು ನಿನಗೆ ಏನಡ್ಡಿ? ಸೋಮವಾರ ಯಜಮಾನರಿಗೆ ಹೂಂ ಅಂತ ಹೇಳು. ಹೋಗು" ಎಂದೆ. ಮಾತು ಹೇಗೆ ಕಟ್ಟಬೇಕೆಂದು ಬೆಳಗಿನಿಂದ ಬಾಯಲ್ಲೇ ಹೊಲಿದು ಬಿಚ್ಚಿ ಹೊಲಿದು ಇಟ್ಟುಕೊಂಡಿದ್ದೆ. ಹೊರಗೆ ಬಂದದ್ದು ಇಷ್ಟೇ.

ಅವಳು ಚೀಲವನ್ನೂ ಕೆಳಗಿಡಲಿಲ್ಲ. "ಸರ್ ಬಂದಿದ್ರಾ?"

"ಪ್ಯಾಂಟು ಕೊಡೋಕೆ."

"ಅದಕ್ಕೇನಾ ಇಷ್ಟು ಆತುರ? ಇಷ್ಟು ದಿನ ಒಂದು ಮಷಿನ್ ಆರಿಸೋಕೆ ಆಗದೋರು ಒಂದೇ ದಿನದಲ್ಲಿ ತಂದ್ಬಿಟ್ರಿ. ಅವರ ರೇಡಿಯೋ ಎತ್ತಿಟ್ರಿ. ನನ್ನ ಯಾವಾಗ ಎತ್ತಿಡ್ತೀರಿ?"

"ಅಯ್ಯೋ, ಅಲ್ಲ ಕಣೇ…" ಎಂದೆ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಡಿಯಲಿಲ್ಲ, ಮೆಲ್ಲಗೆ ಹಾಕಿದಳು. ಬಡಿದಿದ್ದರೆ ಎಷ್ಟೋ ವಾಸಿಯಿತ್ತು.

ಮಾರ್ಚ್ 24, ಮಂಗಳವಾರ

ಮಾತಿಲ್ಲ. ಕಾಫಿ ಪಾತ್ರೆಯನ್ನು ಮಾತ್ರ ಎಂದಿನಂತೆ ಬಿಗಿ ಮಾಡಿಟ್ಟಿದ್ದಾಳೆ. ಹೊಸ ಮಷಿನ್ ಮೇಲೆ ಟವೆಲ್ ಹೊದಿಸಿದ್ದಾಳೆ. ಇಬ್ಬರೂ ಅದರ ಮುಂದೆ ನೆಂಟರ ಮುಂದೆ ಓಡಾಡುವ ಹಾಗೆ ಓಡಾಡುತ್ತಿದ್ದೇವೆ.

ಮಾರ್ಚ್ 28, ಶನಿವಾರ

ಮಧ್ಯಾಹ್ನ ಒಂದು ಕೋಟಿನ ಅಸ್ತರಿ ಬಿಚ್ಚುತ್ತಿದ್ದೆ. ಸೊಸೆ ಬಂದು ನನ್ನ ಕಾಲ ಹತ್ತಿರ ನೆಲದ ಮೇಲೆ ಕೂತಳು. ಬಿಚ್ಚಿದ ಕಡೆ ಉಳಿದ ದಾರದ ತುಂಡುಗಳನ್ನು ಒಂದೊಂದಾಗಿ ಕೀಳತೊಡಗಿದಳು. ಹಲ್ಲಿನ ಸಂದಿಯಲ್ಲಿ ಕೆಲಸ ಮಾಡುವ ಬೆರಳು, ಒಂದು ದಾರವೂ ತಪ್ಪಿಸಿಕೊಳ್ಳುವುದಿಲ್ಲ. ರೇಡಿಯೋದಲ್ಲಿ ಯಾರೋ ಹಾಡುತ್ತಿದ್ದರು. ಈಗೀಗ ಕೆಲಸ ಮಾಡುವಾಗ ಹಾಕಿಕೊಂಡಿರುತ್ತೇನೆ, ಪಕ್ಕದಲ್ಲೇ ಇದೆಯಲ್ಲ.

"ಅತ್ತೆ, ಇಲ್ಲಿಂದ ಹೋದ್ರೆ ನಾನು ನಿಮಗೆ ಏನಾಗ್ತೀನಿ?" ಎಂದಳು.

ನಾನು ಕತ್ತರಿ ಕೆಳಗಿಟ್ಟೆ.

"ಇಲ್ಲಿರೋತನಕ ಸೊಸೆ. ಬೆಳಿಗ್ಗೆ ಕಾಫಿ ಕೊಡ್ತೀರಿ, ಸಂಜೆ ತಡ ಆದ್ರೆ ಬೈತೀರಿ. ಹೋದ್ಮೇಲೆ? ಅವರಿಲ್ಲ. ಮಕ್ಕಳಿಲ್ಲ. ನಿಮ್ಮನ್ನ ನನ್ನ ಸೇರಿಸಿ ಹಿಡಿದಿರೋದು ಈ ಮನೆ ಒಂದೇ. ಜನವರಿಯಿಂದ ನನಗೆ ಪಾತ್ರೆದೇ ಚಿಂತೆ ಅಂತ ನಾನೂ ಅಂದ್ಕೊಂಡಿದ್ದೆ. ಮಷಿನ್ ಬಂತು, ಚಿಂತೆ ಹೋಗ್ಲಿಲ್ಲ."

ನನ್ನ ಬಾಯಿ ಎಂಥದ್ದೆಂದು ಈ ಬೀದಿಗೇ ಗೊತ್ತು. ಒಂದು ಮಾತಿಗೆ ನಾಲ್ಕು ಕೊಡುವವಳು. ಆ ಹೊತ್ತಿನಲ್ಲಿ ಮಾತ್ರ ಕೊರಳಲ್ಲಿದ್ದ ಟೇಪು ತೆಗೆದೆ.

"ಏಳು. ಅಳತೆ ಕೊಡು."

"ಏನಕ್ಕೆ?"

"ಲ್ಯಾಬಿನ ದೊಡ್ಡಮ್ಮ ಆಗ್ತೀಯ, ಆ ಜೋಲು ಸ್ವೆಟರ್ ಹಾಕ್ಕೊಂಡು ಹೋಗ್ತೀಯಾ? ಕೋಟು ಹೊಲೀತೀನಿ. ಕೈ ಎತ್ತು. ಪೂರ್ತಿ ಎತ್ತು."

ಎರಡೂ ಕೈ ಮೇಲೆತ್ತಿ ನಿಂತಳು. ಹಾಗೆ ನಿಂತುಕೊಂಡೇ ಅಳತೊಡಗಿದಳು. ಕೈ ಇಳಿಸಿ ಕಣ್ಣೊರೆಸಿಕೊಳ್ಳಲೂ ನಾನು ಬಿಡಲಿಲ್ಲ, ಎದೆಯ ಸುತ್ತ ಟೇಪು ಹಿಡಿದಿದ್ದೆ. ಹಿಡಿದುಕೊಂಡೇ ಇದ್ದೆ. ಅಳತೆ ಯಾವಾಗಲೋ ಮುಗಿದಿತ್ತು.

"ನೋಡು" ಎಂದೆ, "ನಿನ್ನ ಅಳತೆ ನನ್ನ ಹತ್ತಿರ ಇರುತ್ತೆ. ಕೋಟು ಬಿಗಿ ಆದ್ರೆ ಬಾ, ಸಡಿಲ ಮಾಡಿಕೊಡ್ತೀನಿ. ಸಡಿಲ ಆದ್ರೂ ಬಾ, ಊಟ ಹಾಕ್ತೀನಿ. ಸೊಸೆ ಅನ್ನಿಸ್ಕೊಳ್ಳೋಕೆ ಇನ್ನೇನು ಬೇಕು ನಿನಗೆ?"

ಅವಳು ಮೂಗು ಎಳೆದುಕೊಂಡು, "ಸರಿಯಾಗಿದ್ರೆ?" ಎಂದಳು.

"ಸರಿಯಾಗಿದ್ರೆ ತೋರಿಸೋಕೆ ಬಾ!"

ನಕ್ಕಳು. ಸಂಜೆ ಯಜಮಾನರಿಗೆ ಫೋನ್ ಮಾಡಿದಳು. ನಾನು ಕೇಳದ ಹಾಗೆ ರೇಡಿಯೋ ಜೋರು ಮಾಡಿಕೊಂಡೆ, ಆದರೂ ಎಲ್ಲ ಕೇಳಿಸಿತು.

ಏಪ್ರಿಲ್ 2, ಗುರುವಾರ

ಕೋಟಿಗೆ ಕಡುನೀಲಿ ಬಟ್ಟೆ. ಒಳಗಡೆ ಎರಡು ಜೇಬು ಜಾಸ್ತಿ ಇಟ್ಟಿದ್ದೇನೆ, ಯಾಕಾದರೂ ಬೇಕಾಗುತ್ತದೆ. ಗುಂಡಿಗೆ ಮೂರು ಸಲ ದಾರ ಹಾಯಿಸಿದೆ. ಕಾಲ ಕಳೆದದ್ದೇ ಗೊತ್ತಾಗಲಿಲ್ಲ.

ಏಪ್ರಿಲ್ 11, ಶನಿವಾರ

ಪೆಟ್ಟಿಗೆ ತುಂಬುತ್ತಿದ್ದಾಳೆ. ನಾಳೆ ಬೆಳಿಗ್ಗೆ ರೈಲು. ನಾನು ಕಾಫಿ ಪಾತ್ರೆಯನ್ನು ತೊಳೆದು, ಒರೆಸಿ, ಹಳೆಯ ಫ್ಲಾನೆಲ್ ತುಂಡಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ.

"ಇದು ಯಾಕೆ ಅತ್ತೆ? ನಾನು ಒಬ್ಬಳೇ ಅಲ್ವಾ ಅಲ್ಲಿ? ಒಂದು ಕಪ್ಪಿಂದು ಬೇಕಾಗಿರೋದು ನನಗೆ. ಮೂರು ಕಪ್ಪಿನ ಪಾತ್ರೆ ಇಟ್ಕೊಂಡು ಏನು ಮಾಡ್ಲಿ?"

"ಅದನ್ನ ಬಿಗಿ ಮಾಡೋಕೆ ಹೆಬ್ಬೆರಳು ಬೇಕು. ನನಗಿಲ್ಲ, ನಿನಗಿದೆ. ತಗೊಂಡು ಹೋಗು."

"ಉಳಿದ ಎರಡು ಕಪ್?"

"ಅದರಲ್ಲಿ ಕಡಿಮೆ ಮಾಡೋಕೆ ಬರಲ್ಲ, ಗೊತ್ತಲ್ಲ" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಪಾತ್ರೆಯನ್ನು ಪೆಟ್ಟಿಗೆಯ ನಡುವೆ, ಕೋಟಿನ ಪಕ್ಕದಲ್ಲಿ ಇಟ್ಟಳು.

ಏಪ್ರಿಲ್ 12, ಭಾನುವಾರ

ಹೋದಳು.

ಏಪ್ರಿಲ್ 13, ಸೋಮವಾರ

ಬೆಳಿಗ್ಗೆ ಎದ್ದವಳು ಅಭ್ಯಾಸಬಲದಿಂದ ಒಲೆ ಹಚ್ಚಿದೆ. ಮೇಲಿಡಲು ಪಾತ್ರೆಯೇ ಇಲ್ಲ. ಒಲೆ ಆರಿಸಿ ಕಿಟಕಿಯ ಹತ್ತಿರ ಹೋಗಿ ಟವೆಲ್ ತೆಗೆದೆ.

ಮುಚ್ಚಳ ನಿಜಕ್ಕೂ ನಾಲ್ಕೇ ಬೆರಳಿನಲ್ಲಿ ತೆರೆಯುತ್ತದೆ. ಒಂದು ಚಮಚ ಪುಡಿ ಹಾಕಿ, ನನ್ನ ಕಪ್ ಇಡಲು ಹೋದರೆ ಅದು ಮೂತಿಯ ಕೆಳಗೆ ಹಿಡಿಸಲೇ ಇಲ್ಲ. ನನ್ನದು ಉದ್ದನೆಯ ಕಪ್. ಅದೊಂದನ್ನು ಅಳೆಯಲು ನೆನಪೇ ಆಗಿರಲಿಲ್ಲ. ಮನೆಯಲ್ಲಿದ್ದ ಕಪ್ಪುಗಳನ್ನೆಲ್ಲ ಹಿಡಿದು ನೋಡಿದೆ. ಹಿಡಿಸಿದ್ದು ಮಗನ ಗಿಡ್ಡ ಕಪ್ ಒಂದೇ. ಬೇರೆ ದಾರಿಯಿಲ್ಲದೆ ಅದನ್ನೇ ಇಟ್ಟು ಗುಂಡಿ ಒತ್ತಿದೆ. ಸದ್ದು ನಾನು ಅಂದಷ್ಟೇನೂ ಇಲ್ಲ.

ಕಪ್ ಕೈಗೆ ತೆಗೆದುಕೊಳ್ಳುವುದಕ್ಕೂ ಫೋನ್ ಬರುವುದಕ್ಕೂ ಸರಿಹೋಯಿತು.

"ಅತ್ತೆ, ಎದ್ರಾ? ಮಷಿನ್ ಹಾಕಿದ್ರಾ? ಮುಚ್ಚಳ ಸುಲಭಕ್ಕೆ ಬಂತಾ?"

"ಎಲ್ಲ ಬಂತು. ನಿಂದು?"

"ನಂದೂ ಆಯ್ತು. ಮೂರು ಕಪ್ ಬಂದಿದೆ. ನೀವು ಹೇಳಿದ ಹಾಗೆ ಕಡಿಮೆ ಬರಲ್ಲ." ಕಪ್ಪಿಗೆ ಬಗ್ಗಿಸುವ ಸದ್ದು ಕೇಳಿಸಿತು. "ಒಂದು ನಾನು ಕುಡೀತೀನಿ. ಎರಡನ್ನ ಏನು ಮಾಡ್ಲಿ? ತಟ್ಟೆ ಮುಚ್ಚಿಡ್ಲಾ?"

"ಮುಚ್ಚಿಡಬೇ‌ಡ!" ಎಂದೆ. ದನಿ ನನಗೇ ಜೋರಾಯಿತು ಅನ್ನಿಸಿತು. "ಬಾಗಿಲು ತೆಗೆದು ನೋಡು, ಪಕ್ಕದಲ್ಲಿ ಯಾರಿದ್ದಾರೆ?"

"ಯಾರೋ ಗೊತ್ತಿಲ್ಲ ಅತ್ತೆ. ನಿನ್ನೆ ತಾನೇ ಬಂದಿದ್ದೀನಿ."

"ಗೊತ್ತಿಲ್ಲದೋರನ್ನೇ ಕರಿ. ಯಾರಾದ್ರೂ ಸರಿ, ಕರಿ. ಆರೋಕೆ ಬಿಡಬೇಡ. ಕಾಫಿ ಆರಿದ್ರೆ ಚೆನ್ನಾಗಿರಲ್ಲ."

ಅವಳ ಕಡೆ ಬಾಗಿಲು ತೆರೆದ ಸದ್ದು ಕೇಳಿಸಿತು. ಯಾರಿಗೋ ಹಿಂಜರಿಯುತ್ತ "ನಮಸ್ಕಾರ… ಕಾಫಿ ಕುಡೀತೀರಾ?" ಎಂದದ್ದೂ ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು.

ಮೆಟ್ಟಿಲಲ್ಲಿ ಡ್ರೈವರ ಹಾರ್ನ್ ಕೇಳಿಸಿತು. ಅವರಿಗೂ ಒಂದು ಮಾಡಿಕೊಡಬೇಕು ಅಂದುಕೊಂಡೆ. ಮಷಿನ್ನಿಗೆ ಹಿಡಿಸುವ ಕಪ್ ಇರುವುದು ಒಂದೇ, ಮೊದಲು ನನ್ನದು ಮುಗಿಯಬೇಕು ಎಂದು ನೋಡಿದರೆ ಅದು ಖಾಲಿ. ಮಾತಾಡುತ್ತ ಮಾತಾಡುತ್ತ ಬಿಸಿಬಿಸಿಯಾಗಿ ಪೂರ್ತಿ ಕುಡಿದುಬಿಟ್ಟಿದ್ದೇನೆ. ನಾಲಿಗೆ ಚುರುಗುಡುತ್ತಿದೆ. ಈ ಮಷಿನ್ ಸ್ವಲ್ಪ ಹೆಚ್ಚೇ ಬಿಸಿ ಮಾಡುತ್ತದೆ ಅಂತ ಕಾಣುತ್ತದೆ. ಆ ಅಂಗಡಿಯವಳನ್ನು ಒಂದು ಸಲ ಕೇಳಬೇಕು.